ಕೊಸರಿನ ತೂಕ

೧೯೮೬ನೇ ಇಸವಿ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಸಣ್ಣ ಮೋಟಾರುಗಳನ್ನು ತಯಾರಿಸುತ್ತಿದ್ದ ಒಂದು ಯೂನಿಟ್ಟಿನಲ್ಲಿ ನಾನು ಇನ್‌ಸ್ಪೆಕ್ಷನ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಬೇರೆಯವರು ಮಾಡಿದ್ದನ್ನು ಅಳೆಯುವುದು, ಡ್ರಾಯಿಂಗಿಗೆ ಸರಿಯಿದ್ದರೆ ಹಸಿರು ಚೀಟಿ ಕಟ್ಟುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವುದು. ಲೇತಿನ ಮೇಲೆ ಕೆಲಸ ಮಾಡುವ ಟರ್ನರುಗಳಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ. ಬೆನ್ನ ಹಿಂದೆ ‘ಕೆಂಪು ಚೀಟಿ ಮೇಡಂ’ ಎನ್ನುತ್ತಿದ್ದರು. ಧೈರ್ಯ ಇದ್ದವರು ಮುಂದೆಯೂ ಅನ್ನುತ್ತಿದ್ದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಮೈಕ್ರೋಮೀಟರ್ ಹಿಡಿದು ಕೂತವಳಿಗೆ ಜನಪ್ರಿಯತೆ ಯಾಕೆ ಬೇಕು ಎಂಬ ಜಂಭವೂ ಇತ್ತು. ಆ ಜಂಭ ಆ ವರ್ಷ ಇಳಿಯಿತು.

ನಾವು ಒಟ್ಟು ಹದಿನೆಂಟು ಜನ. ಅವರಲ್ಲಿ ಹನ್ನೊಂದು ಹೆಂಗಸರು ಆರ್ಮೇಚರ್ ಸುತ್ತುವವರು. ಆರ್ಮೇಚರ್ ಎಂದರೆ ಮೋಟಾರಿನ ಒಳಗೆ ತಿರುಗುವ ಭಾಗ. ಅದರ ಸುತ್ತ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಬಿಗಿಯಾಗಿ ಸುತ್ತಬೇಕು. ಒಂದು ಸುತ್ತು ಹೆಚ್ಚು ಕಡಿಮೆಯಾದರೂ ಮೋಟಾರಿನ ಗುಣ ಬದಲಾಗುತ್ತದೆ. ಆ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯವರು ಗೌರಮ್ಮ. ಮೂಡಲಪಾಳ್ಯದಿಂದ ನಡೆದೇ ಬರುತ್ತಿದ್ದರು. ಓದು ಬರಹ ಬಾರದು, ಆದರೆ ಬೆರಳುಗಳು ಎಣಿಸುವುದರಲ್ಲಿ ಒಮ್ಮೆಯೂ ತಪ್ಪಿದ್ದು ನಾನು ಕಂಡಿಲ್ಲ. ನಲವತ್ತೈದು ದಾಟಿತ್ತು, ಕಣ್ಣು ಮಂಜಾಗತೊಡಗಿತ್ತು. ಆ ಮನೆಯಲ್ಲಿ ದುಡಿಯುವ ಕೈ ಅವರದೊಂದೇ.

ನಮ್ಮ ಅನ್ನವೆಲ್ಲ ಟೇಪ್ ರೆಕಾರ್ಡರಿನ ಮೋಟಾರಿನಿಂದ ಬರುತ್ತಿತ್ತು. ಆ ವರ್ಷದ ಜುಲೈಯಲ್ಲಿ, ನಮ್ಮಿಂದ ಮೋಟಾರು ಕೊಳ್ಳುತ್ತಿದ್ದ ಕಂಪನಿ ಹೊರದೇಶದಿಂದ ಸಿದ್ಧ ಯಂತ್ರಗಳನ್ನೇ ತರಿಸತೊಡಗಿ ನಮ್ಮ ಆರ್ಡರ್ ನಿಲ್ಲಿಸಿತು. ಯಜಮಾನರಾದ ಸತ್ಯನಾರಾಯಣ ಅವರು ಹದಿನೈದು ದಿನ ಯಾರ ಮುಖವನ್ನೂ ನೋಡದೆ ಓಡಾಡಿದರು. ಒಂದು ಬೆಳಗ್ಗೆ ದೊಡ್ಡ ರಟ್ಟಿನ ಪೆಟ್ಟಿಗೆ ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟರು. ಅದರೊಳಗಿದ್ದದ್ದು ಅವರ ಭಾವಮೈದ ಜಪಾನಿನಿಂದ ತಂದಿದ್ದ ಒಂದು ಬಗ್ಗಿ.

ಬಗ್ಗಿ ಎಂದರೆ ಮಣ್ಣು, ಮರಳು, ಹಳ್ಳದಿಣ್ಣೆಗಳಲ್ಲಿ ಓಡುವ ಆಟದ ಕಾರು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಹಿಂದೆ ಮುಳ್ಳುಮುಳ್ಳಾದ ಎರಡು ದಪ್ಪ ಟೈರು, ಮುಂದೆ ಸಣ್ಣವು. ನಾಲ್ಕೂ ಚಕ್ರಗಳಿಗೆ ಸ್ಪ್ರಿಂಗ್, ಚಕ್ರವನ್ನು ಮೈಗೆ ಜೋಡಿಸುವ ಪ್ಲಾಸ್ಟಿಕ್ ಆರ್ಮ್, ಒಳಗೆ ಹೆಲ್ಮೆಟ್ ಹಾಕಿಕೊಂಡ ಪುಟ್ಟ ಚಾಲಕ. ಕೈಯಲ್ಲಿ ಹಿಡಿಯುವ ರೇಡಿಯೋ ಪೆಟ್ಟಿಗೆಯ ಎರಡು ಕಡ್ಡಿ ಆಡಿಸಿದರೆ ಕಾರು ದೂರದಲ್ಲಿ ಹೇಳಿದ ಹಾಗೆ ಕೇಳುತ್ತದೆ. ನಮ್ಮ ಟರ್ನರ್ ರಂಗಸ್ವಾಮಿ ಅದನ್ನು ನೋಡಿ, “ಇದು ನಮ್ಮ ಹುಡುಗ್ರಿಗಿಂತ ಚೆನ್ನಾಗಿ ಮಾತು ಕೇಳ್ತದೆ ಕಣ್ರಿ” ಅಂದ.

ಆಗಸ್ಟಿನಲ್ಲಿ ಬೊಂಬಾಯಿಯಿಂದ ಒಬ್ಬ ಆಟಿಕೆ ವ್ಯಾಪಾರಿ ಬಂದರು. ರೇಡಿಯೋ ಮತ್ತು ಬ್ಯಾಟರಿ ಅವರದು, ಮೋಟಾರು, ಗೇರು, ಕಾರಿನ ತಳಕಟ್ಟಾದ ಚಾಸಿ ಎಲ್ಲ ನಮ್ಮದು, ಮೂರು ಸಾವಿರ ಕಾರು ಎಂಬುದು ಮಾತು. ಅಷ್ಟು ಸಿಕ್ಕರೆ ಹದಿನೆಂಟು ಜನರಿಗೂ ಒಂದೂವರೆ ವರ್ಷ ಕೆಲಸ. ನಮ್ಮ ಶೆಡ್ಡಿನ ಹಿಂದೆ ಕಾಂಪೌಂಡ್ ಪಕ್ಕ, ಚರಂಡಿ ತೋಡಿದಾಗ ಹಾಕಿದ ಮಣ್ಣಿನ ಗುಡ್ಡೆಯೊಂದಿತ್ತು. ಎದೆಮಟ್ಟದ ಎತ್ತರ, ನಡುನಡುವೆ ಕಲ್ಲು. ಅಂದು ಜಪಾನಿನ ಕಾರನ್ನು ಅದರ ಮೇಲೆ ಬಿಟ್ಟರು. ಹತ್ತಿತು. ಆಚೆ ಬದಿಗೆ ಇಳಿಯುವಾಗ ಕಲ್ಲಿಗೆ ಬಡಿದು ಮುಂದಿನ ಆರ್ಮ್ ಟಕ್ಕನೆ ಮುರಿಯಿತು.

ವ್ಯಾಪಾರಿ ಮುರಿದ ತುಂಡನ್ನು ಎತ್ತಿಕೊಂಡು, ತಮ್ಮ ಹಿಂದಿ ಬೆರೆತ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು. ನಿಮ್ಮ ಕಾರು ಈ ಗುಡ್ಡೆ ಹತ್ತಬೇಕು. ಹತ್ತಿ ಇಳಿದ ಮೇಲೆ ಮುರಿಯಬಾರದು. ದಸರೆಗೆ ಬರುತ್ತೇನೆ, ತೋರಿಸಿ.

ಹತ್ತಬೇಕು, ಮುರಿಯಬಾರದು. ಈ ಎರಡರಲ್ಲಿ ನಮ್ಮವರ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ಅದು ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು.

ಸೆಪ್ಟೆಂಬರ್ ತಿಂಗಳಿಡೀ ಕಾರಿನ ಕೆಲಸ ನಡೆಯಿತು. ಪ್ಲಾಸ್ಟಿಕ್ ಅಚ್ಚು ಹಾಕಿಸುವ ತಾಕತ್ತು ನಮಗಿರಲಿಲ್ಲ, ಆದ್ದರಿಂದ ಚಾಸಿಯನ್ನು ಅಲ್ಯೂಮಿನಿಯಂ ತಗಡಿನಲ್ಲೂ ಆರ್ಮ್‌ಗಳನ್ನು ನೈಲಾನ್ ದಿಂಡಿನಲ್ಲಿ ಕೊರೆದೂ ಮಾಡುವುದೆಂದು ನಿಶ್ಚಯಿಸಿದೆವು. ರೇಡಿಯೋ, ಬ್ಯಾಟರಿ ಮಾತ್ರ ಸದ್ಯಕ್ಕೆ ಜಪಾನಿನ ಕಾರಿನವೇ. ನಮ್ಮ ಕಾರು ಜಪಾನಿನದಕ್ಕಿಂತ ಸ್ವಲ್ಪ ಭಾರವಾಗುವುದು ಖಂಡಿತ. ಅದನ್ನು ಸರಿದೂಗಿಸಲು ಮೋಟಾರನ್ನು ಚುರುಕು ಮಾಡಬೇಕಿತ್ತು. ಜಪಾನಿನ ಆರ್ಮೇಚರಿನ ಒಂದೊಂದು ಹಲ್ಲಿಗೆ ಇಪ್ಪತ್ತೇಳು ಸುತ್ತು ತಂತಿ. ನಾವು ದಪ್ಪ ತಂತಿಯಲ್ಲಿ ಇಪ್ಪತ್ತೆರಡು ಸುತ್ತು ಹಾಕುವುದೆಂದು ಲೆಕ್ಕ ಹಾಕಿದೆವು. ಸುತ್ತು ಕಡಿಮೆಯಾದರೆ ಮೋಟಾರು ವೇಗವಾಗಿ ತಿರುಗುತ್ತದೆ, ಆದರೆ ಬಿಸಿಯೂ ಆಗುತ್ತದೆ. ಆಟದ ಕಾರು ಹತ್ತು ನಿಮಿಷ ಓಡಿದರೆ ಸಾಕು, ಬಿಸಿಯಾದರೆ ಆಗಲಿ. ಇವೆಲ್ಲವನ್ನೂ ಯಜಮಾನರು ಮತ್ತು ನಾನು ಕೂತು ಡ್ರಾಯಿಂಗಿನಲ್ಲಿ ಬರೆದೆವು.

ಆಯುಧಪೂಜೆಗೆ ಒಂದು ವಾರ ಮುಂಚೆ, ಬಣ್ಣ ಹಚ್ಚದ ಮೊದಲ ಕಾರು ಸಿದ್ಧವಾಯಿತು. ತೂಗಿದೆ. ಒಂದು ಕಿಲೋ ಆರುನೂರ ಮೂವತ್ತು ಗ್ರಾಂ. ಪುಸ್ತಕದಲ್ಲಿ ಬರೆದುಕೊಂಡೆ. ಎಲ್ಲರೂ ಕೆಲಸ ಬಿಟ್ಟು ಹಿತ್ತಿಲಿಗೆ ಬಂದರು. ಯಜಮಾನರು ಕಡ್ಡಿ ಒತ್ತಿದರು. ಕಾರು ಗುಡ್ಡೆಯ ಮೇಲೆ ಸರ್ರನೆ ಹತ್ತಿ ಆಚೆ ಬದಿ ಹಾರಿ ಇಳಿಯಿತು. ಎರಡನೇ ಸಲವೂ ಹಾಗೆಯೇ. ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕಾರನ್ನು ಮೇಜಿಗೆ ತಂದು ನೋಡಿದಾಗ ಎರಡು ಸಂಗತಿ ಕಂಡವು. ಮುಂದಿನ ಒಂದು ಆರ್ಮ್‌ನಲ್ಲಿ, ಸ್ಕ್ರೂ ತೂತಿನ ಹತ್ತಿರ, ಕೂದಲೆಳೆಯಷ್ಟು ಬಿರುಕು. ಮೋಟಾರು ಮುಟ್ಟಲಾರದಷ್ಟು ಬಿಸಿ. ಬಿಸಿ ನಾವು ನಿರೀಕ್ಷಿಸಿದ್ದೇ. ಬಿರುಕಿಗೆ ಆ ಮೂಲೆಯ ಚೂಪನ್ನು ತೆಗೆದು ಸ್ವಲ್ಪ ದುಂಡಗೆ ಮಾಡಿದ್ದರೆ ಸಾಕಿತ್ತು. ಹಾಗೆಂದು ಕೆಂಪು ಚೀಟಿಯಲ್ಲಿ ಬರೆದು ಆ ಒಂದು ಭಾಗಕ್ಕೆ ಕಟ್ಟಿದೆ. ಆದರೆ ಬಿರುಕು ಬಿಟ್ಟಿದೆ ಎಂಬ ಸುದ್ದಿ ಹತ್ತು ನಿಮಿಷದಲ್ಲಿ ಶೆಡ್ಡಿನ ಆ ತುದಿಯಿಂದ ಈ ತುದಿಗೆ ಹೋಯಿತು. ಬೊಂಬಾಯಿಯವರ ಕೈಯಲ್ಲಿದ್ದ ಆ ಮುರಿದ ಪ್ಲಾಸ್ಟಿಕ್ ತುಂಡು ಎಲ್ಲರ ಕಣ್ಣ ಮುಂದೆ ಇತ್ತು.

ಮಾರನೆಯ ದಿನದಿಂದ, “ಫಿನಿಶಿಂಗ್ ಮಾಡ್ಕೊಡ್ತೀವಿ” ಎಂದು ಒಬ್ಬೊಬ್ಬರೂ ತಮ್ಮ ತಮ್ಮ ಭಾಗವನ್ನು ವಾಪಸ್ ಒಯ್ದರು.

ಮೊದಲು ಬಂದವನು ರಂಗಸ್ವಾಮಿ. ನಾಲ್ಕೂ ಆರ್ಮ್‌ಗಳನ್ನು ಹೊಸದಾಗಿ ಕೊರೆದಿದ್ದ. ಅಳೆದೆ. ದಪ್ಪ ಎರಡು ಮಿಲಿಮೀಟರ್ ಹೆಚ್ಚು. ಹಿಂದಿನ ಆಕ್ಸಲ್ ಐದರ ಬದಲು ಆರು ಮಿಲಿಮೀಟರ್.

“ರಂಗಸ್ವಾಮಿ, ಇದು ಡ್ರಾಯಿಂಗ್ ಪ್ರಕಾರ ಇಲ್ವಲ್ಲ.”

“ಕಮ್ಮಿ ಏನೂ ಇಲ್ವಲ್ಲ ಮೇಡಂ? ತರಕಾರಿಯವಳು ಕೊಸರು ಹಾಕಲ್ವಾ, ಹಂಗೆ ಅಂದ್ಕೊಳಿ.”

ಮಾಗಡಿ ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳು ಬೀನ್ಸ್ ತೂಗಿ ಚೀಲಕ್ಕೆ ಸುರಿದ ಮೇಲೆ, ಕೇಳದಿದ್ದರೂ ಇನ್ನೊಂದು ಹಿಡಿ ಎತ್ತಿ ಹಾಕುತ್ತಾಳೆ. ಕೊಸರು ಹಾಕದವಳ ಹತ್ತಿರ ನಮ್ಮವರು ಎರಡನೇ ಸಲ ಹೋಗುವುದಿಲ್ಲ. ಸರಿಯಾಗಿ ತೂಗಿ ಕೊಡುವುದು ವ್ಯಾಪಾರ, ಮೇಲೊಂದು ಹಿಡಿ ಹಾಕುವುದು ಮರ್ಯಾದೆ. ನಾನೂ ಆ ಕೊಸರಿನಲ್ಲೇ ಬೆಳೆದವಳು. ನಕ್ಕು ಹಸಿರು ಚೀಟಿ ಕಟ್ಟಿದೆ.

ಇದೇ ನನ್ನ ತಪ್ಪು. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಎಂಟು ವರ್ಷ ಕಡಿಮೆ ಬಂದದ್ದನ್ನೆಲ್ಲ ಹಿಂದಕ್ಕೆ ಕಳಿಸಿದವಳು ಆ ವಾರ ಹೆಚ್ಚು ಬಂದದ್ದನ್ನೆಲ್ಲ ಒಳಗೆ ಬಿಟ್ಟೆ.

ತಗಡಿನ ಕೆಲಸದ ನಂಜಪ್ಪ ಚಾಸಿಯನ್ನು ಒಂದು ಗೇಜು ದಪ್ಪ ತಗಡಿನಲ್ಲಿ ಮಾಡಿ, ಮುಂದೆ ಕಬ್ಬಿಣದ ಪಟ್ಟಿಯ ಬಂಪರನ್ನೂ ಸೇರಿಸಿ ತಂದ. ಗೇರುಪೆಟ್ಟಿಗೆಯ ಫಲಕಗಳು ದಪ್ಪವಾದವು. ಬಣ್ಣದವನು ಒಂದು ಕೋಟಿನ ಬದಲು ಮೂರು ಕೋಟು ಹೊಡೆದ, ನಡುವೆ ಪುಟ್ಟಿಯನ್ನೂ ಬಳಿದ. ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಟೊಳ್ಳು ಚಾಲಕನ ಜಾಗಕ್ಕೆ ತೇಗದ ಮರದಲ್ಲಿ ಗಟ್ಟಿ ಚಾಲಕನನ್ನು ಕೆತ್ತಿ ತಂದರು. ಮೀಸೆ ಬೇರೆ ಬಿಡಿಸಿದ್ದರು. ಎಲ್ಲರೂ ನಕ್ಕೆವು. ಯಾರು ಏನು ಹೆಚ್ಚು ಮಾಡಿದರೆಂದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದವಳು ನಾನೊಬ್ಬಳೇ, ನಾನು ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದೆ. ಕೂಡಿಸಿ ನೋಡಲಿಲ್ಲ.

ಕೊನೆಗೆ ಗೌರಮ್ಮ ಹೊಸ ಆರ್ಮೇಚರ್ ತಂದರು. ಟೆಸ್ಟ್ ಬೆಂಚಿನ ಮೇಲಿಟ್ಟು ಓಡಿಸಿದೆ. ಹಿಂದಿನದಕ್ಕಿಂತ ವೇಗ ತುಸು ಕಡಿಮೆ, ಆದರೆ ಹತ್ತು ನಿಮಿಷವಾದರೂ ಕೈಯಿಟ್ಟು ಮುಟ್ಟುವಂತಿತ್ತು.

“ಈ ಸಲ ಬಿಸಿ ಆಗಲ್ಲ ಮೇಡಂ. ಸುಡಲ್ಲ” ಎಂದರು ಗೌರಮ್ಮ.

ವೇಗ ಯಾಕೆ ಇಳಿಯಿತು ಎಂದು ಕೇಳಬೇಕಿತ್ತು. ಅವರ ಮುಖ ನೋಡಿ ಕೇಳಲಿಲ್ಲ. ಬೆಂಚಿನ ವೋಲ್ಟೇಜು ಇಳಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹಸಿರು ಚೀಟಿ ಕಟ್ಟಿದೆ.

ಆಯುಧಪೂಜೆಯ ಬೆಳಗ್ಗೆ ಎಲ್ಲ ಭಾಗಗಳನ್ನೂ ಜೋಡಿಸಿ ಮುಗಿಸಿದೆವು. ಲೇತ್, ಡ್ರಿಲ್ಲಿಂಗ್ ಮೆಷಿನ್ನುಗಳ ಪಕ್ಕದಲ್ಲಿ ಕಾರಿಗೂ ಒಂದು ಮಣೆ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿದರು. ಪೂಜೆಯಾದ ಮೇಲೆ ಆಯುಧ ಮುಟ್ಟುವಂತಿಲ್ಲ, ಅವಕ್ಕೂ ವಿಶ್ರಾಂತಿ. ಮತ್ತೆ ಚಾಲೂ ಮಾಡುವುದು ವಿಜಯದಶಮಿಯಂದೇ. ಬೊಂಬಾಯಿಯವರು ಬರುವುದೂ ಅದೇ ದಿನ. ನಾನು ಮೆಲ್ಲಗೆ, “ಒಂದು ಸಲ ಗುಡ್ಡೆ ಹತ್ತಿಸಿ ನೋಡೋಣ್ವಾ ಸಾರ್?” ಎಂದೆ. ಯಜಮಾನರು ಉತ್ತರಿಸುವ ಮೊದಲೇ ನಂಜಪ್ಪ, “ಏನ್ ಮೇಡಂ, ಪೂಜೆ ಆಗಿರೋದನ್ನ ಎಬ್ಬಿಸ್ತೀರಾ? ಹೋದ್ವಾರ ಹತ್ತಿತ್ತಲ್ಲ” ಎಂದ. ಹತ್ತಿತ್ತು, ನಿಜ. ಆದರೆ ಮಣೆಯ ಮೇಲಿದ್ದದ್ದು ಹೋದ ವಾರದ ಕಾರಲ್ಲ. ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲ. ಪುರಿ ಕಡಲೆ ತಿಂದು ಮನೆಗೆ ಹೋದೆ.

ವಿಜಯದಶಮಿಯ ಬೆಳಗ್ಗೆ ಹತ್ತು ಗಂಟೆಗೆ ವ್ಯಾಪಾರಿ ಬಂದರು. ಹೆಂಗಸರೆಲ್ಲ ರೇಷ್ಮೆ ಸೀರೆ, ತಲೆ ತುಂಬ ಹೂವು. ಮೊದಲು ಶಾಸ್ತ್ರ. ಸೀಳಿ ಕುಂಕುಮ ತುಂಬಿದ ನಾಲ್ಕು ನಿಂಬೆಹಣ್ಣುಗಳನ್ನು ಚಕ್ರಗಳ ಮುಂದಿಟ್ಟರು. ಯಜಮಾನರು ಕಾರನ್ನು ಮುಂದಕ್ಕೆ ಬಿಟ್ಟರು. ನಿಂಬೆಹಣ್ಣುಗಳು ಒತ್ತಿಕೊಂಡು ರಸ ಸುರಿಸಿದವು. ರಂಗಸ್ವಾಮಿ ನನ್ನ ಕಡೆ ತಿರುಗಿ, “ನೋಡಿ ಮೇಡಂ, ಏನ್ ಗತ್ತು! ನಿಜವಾದ ಗಾಡಿ ಹತ್ತಿದಂಗೆ ಹತ್ತಿತು” ಎಂದ. ಅವನ ಮುಖದಲ್ಲಿ ಹೆಮ್ಮೆ ಇತ್ತು. ನಾನು ಅಪ್ಪಚ್ಚಿಯಾದ ನಿಂಬೆಹಣ್ಣುಗಳನ್ನೇ ನೋಡುತ್ತಿದ್ದೆ.

ಗುಡ್ಡೆಯ ಬುಡದಿಂದ ಕಾರು ಹೊರಟಿತು. ಅರ್ಧಕ್ಕೆ ಹತ್ತಿತು. ಮುಕ್ಕಾಲಿಗೆ ಬಂದಿತು. ಅಲ್ಲಿ ಹಿಂದಿನ ಚಕ್ರಗಳು ಮಣ್ಣನ್ನು ಕೆರೆಯುತ್ತ ನಿಂತವು. ಕಾರು ನಿಧಾನವಾಗಿ, ಮುಖ ನಮ್ಮ ಕಡೆ ತಿರುಗಿಸದೆ, ಹಿಂದಕ್ಕೆ ಜಾರಿ ಕೆಳಗೆ ಬಂತು. ಎರಡನೇ ಸಲ ಓಡಿಸಿಕೊಂಡು ಬಂದು ಹತ್ತಿಸಿದರು. ಅಲ್ಲಿಗೇ ನಿಂತಿತು. ಮೂರನೇ ಸಲ, ಮೋಟಾರಿನ ವೇಗ ಏರಿಳಿಸುವ ಸ್ಪೀಡ್ ಕಂಟ್ರೋಲಿನಿಂದ ಸಣ್ಣಗೆ ಹೊಗೆ ಎದ್ದಿತು. ಗೌರಮ್ಮ ಕೈ ಮುಗಿದುಕೊಂಡೇ ನಿಂತಿದ್ದರು, ಇಳಿಸಲು ಮರೆತಿದ್ದರು.

ವ್ಯಾಪಾರಿ ಒಳ್ಳೆಯ ಮನುಷ್ಯ. ಕಾರನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, “ಬಹಳ ಮಜಬೂತಾಗಿದೆ” ಎಂದು ನಿಜವಾಗಿಯೂ ಹೊಗಳಿದರು. ಎಲ್ಲೂ ಒಂದು ಗೀರು ಬಿರುಕು ಇರಲಿಲ್ಲ. ಆಮೇಲೆ ಯಜಮಾನರ ಹೆಗಲ ಮೇಲೆ ಕೈಯಿಟ್ಟು ಅತ್ತ ಕರೆದುಕೊಂಡು ಹೋದರು. ಆರ್ಡರ್ ಕೊಡದೆ ಅವರು ಹೋದ ಮೇಲೆ, ಹಬ್ಬಕ್ಕೆ ಮಾಡಿಸಿದ್ದ ಕೇಸರಿಬಾತು ಹಾಗೆಯೇ ಉಳಿಯಿತು.

ಮರುದಿನವೇ ನೋಟಿಸು ಹಾಕಿದರು. ನವೆಂಬರ್ ಕೊನೆಗೆ ಯೂನಿಟ್ ಮುಚ್ಚುವುದು. ಒಂದು ವಾರದ ನಂತರ ಯಜಮಾನರು ನನ್ನನ್ನು ಕರೆದು, ಕಾರನ್ನು ಬಿಚ್ಚಿ ಜಪಾನಿನ ರೇಡಿಯೋ ಮತ್ತು ಬ್ಯಾಟರಿಯನ್ನು ಭಾವಮೈದನ ಪೆಟ್ಟಿಗೆಗೆ ಹಾಕಿಡಿ ಎಂದರು. ಬಿಚ್ಚುವ ಮೊದಲು ತೂಗಿದೆ. ಎರಡು ಕಿಲೋ ನೂರ ಹತ್ತು ಗ್ರಾಂ.

ಕುರ್ಚಿಯಲ್ಲಿ ಕೂತೆ. ಆಮೇಲೆ ಒಂದೊಂದು ಭಾಗವನ್ನೂ ಬಿಚ್ಚಿ ಬಿಚ್ಚಿ ತೂಗಿದೆ. ಬಂಪರ್ ತೊಂಬತ್ತು ಗ್ರಾಂ. ಮೀಸೆಯ ಚಾಲಕ ಎಪ್ಪತ್ತು. ಬಣ್ಣ ಪುಟ್ಟಿಗಳದೇ ಐವತ್ತು. ಯಾರ ಕೊಸರೂ ಒಂದು ಹಿಡಿ ಬೀನ್ಸಿಗಿಂತ ಹೆಚ್ಚಿರಲಿಲ್ಲ. ಕೊನೆಗೆ ಆರ್ಮೇಚರ್ ಹಿಡಿದು ತಂತಿ ಬಿಚ್ಚುತ್ತ ಎಣಿಸಿದೆ. ಇಪ್ಪತ್ತೆರಡಕ್ಕೆ ಮುಗಿಯಲಿಲ್ಲ. ಇಪ್ಪತ್ತಮೂರು, ಇಪ್ಪತ್ತನಾಲ್ಕು. ಮೂರೂ ಹಲ್ಲಿಗೆ ಅಷ್ಟೇ, ಒಂದರಲ್ಲೂ ವ್ಯತ್ಯಾಸವಿಲ್ಲ. ಕೈತಪ್ಪಿ ಆದದ್ದಲ್ಲ. ಫ್ಯಾನು, ಮಿಕ್ಸಿ ಮೋಟಾರುಗಳಲ್ಲಿ ಎರಡು ಸುತ್ತು ಹೆಚ್ಚು ಹಾಕಿದರೆ ಸುಡದೆ ಬಾಳಿಕೆ ಬರುತ್ತದೆ ಎಂದು ಗೌರಮ್ಮ ಎಂದೋ ಕಲಿತಿದ್ದರು. ನಮ್ಮ ಮೋಟಾರೂ ಬಾಳಲಿ ಎಂದು ಹಾಕಿದ್ದರು. ಬಾಳುವ ಮೋಟಾರು ನಮಗೆ ಬೇಕಿರಲಿಲ್ಲ, ಆ ಬೆಳಗ್ಗೆ ಎರಡು ನಿಮಿಷ ಉರಿದು ಗುಡ್ಡೆ ಹತ್ತುವ ಮೋಟಾರು ಬೇಕಿತ್ತು.

ನನ್ನ ಮೇಜಿನ ಕೆಳಗಿನ ತಿರಸ್ಕೃತ ಮಾಲಿನ ಡಬ್ಬಿಯಲ್ಲಿ ಹೊಸವು ಬಂದಾಗ ಎಲ್ಲರೂ ಬಿಟ್ಟುಹೋಗಿದ್ದ ಮೊದಲ ಕಾರಿನ ಭಾಗಗಳೆಲ್ಲ ಹಾಗೆಯೇ ಬಿದ್ದಿದ್ದವು. ಹಳೆಯ ಚಾಸಿ, ಹಳೆಯ ಆರ್ಮ್‌ಗಳು, ಇಪ್ಪತ್ತೆರಡು ಸುತ್ತಿನ ಆರ್ಮೇಚರ್. ಬಿರುಕು ಬಿಟ್ಟ ಆರ್ಮ್‌ನ ಬದಲು ಮೂಲೆ ದುಂಡಗಿರುವ ಒಂದನ್ನು ನಾನೇ ಅರದಲ್ಲಿ ಉಜ್ಜಿ ಮಾಡಿದೆ. ಸುಟ್ಟ ಸ್ಪೀಡ್ ಕಂಟ್ರೋಲಿಗೆ ಬೇರೆ ತಂತಿ ಹಾಕಿದೆ. ಶನಿವಾರ ಸಂಜೆ ಐದಕ್ಕೆ ಎಲ್ಲರೂ ಹೋದ ಮೇಲೆ ಯಜಮಾನರನ್ನು ಹಿತ್ತಿಲಿಗೆ ಕರೆದೆ.

ಕಾರು ಗುಡ್ಡೆ ಹತ್ತಿತು. ಇಳಿಯಿತು. ಮತ್ತೆ ಹತ್ತಿತು. ಐದು ಸಲ. ಏನೂ ಮುರಿಯಲಿಲ್ಲ.

ಯಜಮಾನರು ಕಾರನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದರು, ನಾನು ತೂಕದ ಲೆಕ್ಕ ಹೇಳಿದೆ. ಸೋಮವಾರ ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿದರು. ವ್ಯಾಪಾರಿ ಅಷ್ಟರಲ್ಲಿ ಹೊರದೇಶದಿಂದ ಸಿದ್ಧ ಕಾರುಗಳನ್ನೇ ತರಿಸಲು ಒಪ್ಪಿಕೊಂಡು ಬಿಟ್ಟಿದ್ದರು. ಯಜಮಾನರು ಫೋನ್ ಇಟ್ಟು ನನಗೆ ಹೇಳಿದರು: “ತೂಕದ ವಿಷಯ ನಮ್ಮ ಕೆಲಸದವರಿಗೆ ಹೇಳ್ಬೇಡಿ. ಹೇಳಿ ಏನು ಮಾಡ್ತೀರಿ? ಕೆಲಸ ಅಂತೂ ಹೋಯ್ತು. ಜೊತೆಗೆ ಇದೂ ಯಾಕೆ?”

ನಾನು ಹೇಳಲಿಲ್ಲ. ನವೆಂಬರ್ ಕೊನೆಯ ದಿನ ಹನ್ನೊಂದು ಹೆಂಗಸರೂ ತಮ್ಮ ತಮ್ಮ ಸ್ಟೂಲು ಒರೆಸಿಟ್ಟು ಹೋದರು. ಹೋಗುವಾಗ ಒಬ್ಬರೂ ಅಳಲಿಲ್ಲ, ಅತ್ತವಳು ನಾನೇ.

ನನಗೆ ಡಿಪ್ಲೊಮಾ ಇತ್ತು, ಮೂರು ತಿಂಗಳಲ್ಲಿ ಬೇರೆ ಕಡೆ ಅದೇ ಕೆಲಸ ಸಿಕ್ಕಿತು. ಅಲ್ಲಿ ಇಪ್ಪತ್ತೆರಡು ವರ್ಷ ಅಳೆದೆ. ಅಳತೆಗೆ ಕಡಿಮೆ ಬಂದದ್ದಕ್ಕೆ ಹೇಗೋ ಹೆಚ್ಚು ಬಂದದ್ದಕ್ಕೂ ಹಾಗೆಯೇ ಕೆಂಪು ಚೀಟಿ ಕಟ್ಟಿದೆ. “ಜಾಸ್ತಿ ಕೊಟ್ರೂ ಬೈತಾರಲ್ಲಪ್ಪ ಈ ಯಮ್ಮ” ಎಂದು ಹುಡುಗರು ಗೊಣಗುತ್ತಿದ್ದರು. ಯಾರ ಬಳಿಯೂ ಕಾರಣ ಹೇಳಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದೊಂದನ್ನೇ: ಮೋಸದಿಂದ ಕಡಿಮೆ ಮಾಡಿದ್ದನ್ನು ಯಾರು ಬೇಕಾದರೂ ಹಿಡಿಯಬಹುದು, ಅದಕ್ಕೆ ಇನ್‌ಸ್ಪೆಕ್ಟರ್ ಬೇಕಾಗಿಲ್ಲ. ಪ್ರೀತಿಯಿಂದ ಹೆಚ್ಚು ಮಾಡಿ ತಂದವರ ಮುಖ ನೋಡಿ ಬೇಡ ಎನ್ನುವುದಕ್ಕೇ ಅವಳಿಗೆ ಸಂಬಳ ಕೊಡುವುದು.

೧೯೮೯ರಲ್ಲಿ ಒಂದು ಮಧ್ಯಾಹ್ನ ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನಲ್ಲಿ ಗೌರಮ್ಮ ಸಿಕ್ಕರು. ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಶರಟುಗಳ ದಾರದ ತುದಿ ಕತ್ತರಿಸುವ ಕೆಲಸ. ದಪ್ಪ ಗಾಜಿನ ಕನ್ನಡಕ ಬಂದಿತ್ತು. “ಕಣ್ಣು ಹೋದ್ರೆ ಅದೂ ಇಲ್ಲ ಮೇಡಂ” ಎಂದು ನಕ್ಕರು. ಅವರಿವರ ವಿಷಯ ಮಾತಾಡಿದೆವು. ಬಸ್ಸು ದೂರದಲ್ಲಿ ಕಾಣಿಸಿದಾಗ ನನ್ನ ಕೈ ಹಿಡಿದುಕೊಂಡರು.

“ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಕಾರು... ನಾವು ಇನ್ನೊಂದ್ ಚೂರು ಜಾಸ್ತಿ ಮಾಡಿದ್ರೆ ಹತ್ತಿರೋದು, ಅಲ್ವಾ? ನಾನು ಎರಡೇ ಸುತ್ತು ಹಾಕಿದ್ದು. ಇನ್ನೆರಡು ಹಾಕ್ಬೇಕಿತ್ತು. ಅದನ್ನೇ ಯೋಚ್ನೆ ಮಾಡ್ತಾ ಇರ್ತೀನಿ.”

ಆ ಬೆರಳುಗಳು ನನ್ನ ಅಂಗೈಯಲ್ಲಿದ್ದವು. “ಹೌದು ಗೌರಮ್ಮ, ಇನ್ನೊಂದು ಚೂರು ಬೇಕಿತ್ತು” ಎಂದೆ. ಅವರು ತಲೆಯಾಡಿಸಿ ಬಸ್ಸು ಹತ್ತಿದರು. ವಿಜಯದಶಮಿಯ ನಂತರ, ತಪ್ಪೆಂದು ಗೊತ್ತಿದ್ದೂ ನಾನು ಹಸಿರು ಚೀಟಿ ಕಟ್ಟಿದ್ದು ಗೌರಮ್ಮನವರ ಆ ಒಂದು ಮಾತಿಗೆ ಮಾತ್ರ.